ಹೃದಯದ ಶಸ್ತ್ರಕ್ರಿಯೆ ಮತ್ತು ಬಡವರ ಮಕ್ಕಳು

ಎದೆ ಸೀಳಿ, ಹೃದಯವನ್ನೇ ನಿಲ್ಲಿಸಿ, ರಿಪೇರಿ ಮಾಡಿ ಮತ್ತೆ ನಡೆಸುತ್ತಾರಂತೆ, ನಿಜವೇ ಎಂದು ಗಿರಣಿಯ ಬಂಧುಗಳು ನಮ್ಮನ್ನು ಕೇಳುವುದುಂಟು. ನಿಜ. ಲೂಮಿನಲ್ಲಿ ಎಳೆ ಹರಿದರೆ ಲೂಮು ನಿಲ್ಲಿಸಿಯೇ ಗಂಟು ಹಾಕಬೇಕಷ್ಟೆ. ಆದರೆ ಲೂಮು ನಿಂತರೆ ಬಟ್ಟೆ ತಡವಾದೀತು; ಹೃದಯ ನಿಂತರೆ ಕೆಲವೇ ನಿಮಿಷಗಳಲ್ಲಿ ಮಿದುಳು ಕೆಡುತ್ತದೆ.

ಈ ತೊಡಕನ್ನು ಬಿಡಿಸಲು ಅಮೆರಿಕದ ಡಾಕ್ಟರ್ ಜಾನ್ ಗಿಬ್ಬನ್ ಇಪ್ಪತ್ತು ವರ್ಷ ಹೆಣಗಿದರು. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ 18 ವರ್ಷದ ತರುಣಿಯೊಬ್ಬಳ ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು ಅವರ ಯಂತ್ರ 26 ನಿಮಿಷ ನಡೆಸಿತು. ಆ ಹೊತ್ತಿನಲ್ಲಿ ಹೃದಯದೊಳಗಿನ ರಂಧ್ರವನ್ನು ಹೊಲಿದರು.

ಮರುವರ್ಷ ಮಿನಿಯಾಪೊಲಿಸ್‌ನಲ್ಲಿ ಡಾಕ್ಟರ್ ಲಿಲ್ಲೆಹೈ ಯಂತ್ರವನ್ನೇ ಬಿಟ್ಟರು. ಮಗುವಿನ ಪಕ್ಕದಲ್ಲಿ ತಂದೆಯನ್ನೋ ತಾಯಿಯನ್ನೋ ಮಲಗಿಸಿ ಇಬ್ಬರ ರಕ್ತನಾಳಗಳನ್ನು ಕೊಳವೆಗಳಿಂದ ಜೋಡಿಸಿದರು. ಹೆತ್ತವರ ಗುಂಡಿಗೆ ಎರಡು ಜೀವಕ್ಕೆ ದುಡಿಯಿತು! ಮೊದಲ ಮಗು ಹನ್ನೊಂದನೆಯ ದಿನ ತೀರಿಕೊಂಡಿತು. ಆದರೂ 45 ರೋಗಿಗಳಲ್ಲಿ 28 ಮಂದಿ ಬದುಕಿ ಮನೆಗೆ ಹೋದರು. ಈ ಲೆಕ್ಕ ಓದುವಾಗ ಆ ತಾಯಿತಂದೆಯರೇ ನಮ್ಮ ಕಣ್ಣ ಮುಂದೆ ಬರುತ್ತಾರೆ.

ಇಂದು ಯಂತ್ರ ಪಳಗಿದೆ. ಎದೆಯ ಮೂಳೆಯನ್ನು ಸೀಳಿ, ರಕ್ತ ಹೆಪ್ಪುಗಟ್ಟದಂತೆ ಔಷಧಿ ಕೊಟ್ಟು, ಹೃದಯಕ್ಕೆ ಬರುವ ರಕ್ತವನ್ನು ಯಂತ್ರಕ್ಕೆ ತಿರುಗಿಸುತ್ತಾರೆ. ಅಲ್ಲಿ ಪ್ರಾಣವಾಯು ಸೇರಿದ ರಕ್ತ ಮತ್ತೆ ದೇಹಕ್ಕೆ ಹರಿಯುತ್ತದೆ. ಪೊಟ್ಯಾಸಿಯಂ ಬೆರೆಸಿದ ದ್ರವ ಹೃದಯವನ್ನು ನಿದ್ರೆಗೆ ಹಾಕುತ್ತದೆ. ಕೆಲಸ ಮುಗಿದ ಮೇಲೆ ಅದು ಮತ್ತೆ ಬಡಿಯುತ್ತದೆ. ಮೂಳೆಯನ್ನು ತಂತಿಯಿಂದ ಬಿಗಿಯುತ್ತಾರೆ. ನಮ್ಮ ನೆರೆಯ ವೆಲ್ಲೂರಿನಲ್ಲಿ 1961ರಲ್ಲಿಯೇ ಇಂಥ ಶಸ್ತ್ರಕ್ರಿಯೆ ನಡೆಯಿತು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಸ್ವದೇಶಿ ಕೃತಕ ಕವಾಟವನ್ನು ತಯಾರಿಸಿ 1990ರಲ್ಲಿ ರೋಗಿಗೆ ಅಳವಡಿಸಿತು. ಅದು ಸಾರ್ವಜನಿಕ ಹಣದ ಸಂಸ್ಥೆ, ಲಾಭದ ಕಂಪನಿಯಲ್ಲ. ಖಾಸಗಿಯವರ ಗುಣಗಾನ ಮಾಡುವವರು ಇದನ್ನು ನೆನಪಿಡಲಿ.

ಆದರೆ ಕವಾಟ ಕೆಡುವುದಾದರೂ ಏಕೆ? ನಮ್ಮಲ್ಲಿ ಅನೇಕ ಮಕ್ಕಳಿಗೆ ಅದು ಗಂಟಲುನೋವಿನಿಂದ ಮೊದಲಾಗುತ್ತದೆ. ಒಂದೇ ಕೋಣೆಯಲ್ಲಿ ಏಳೆಂಟು ಜನ ಮಲಗುವ ಮನೆಗಳಲ್ಲಿ ಅದರ ಕ್ರಿಮಿ ಬೇಗ ಹರಡುತ್ತದೆ. ಕೆಲವರಿಗೆ ಕೆಲವು ವಾರಗಳ ಬಳಿಕ ಜ್ವರ, ಕೀಲುನೋವು. ಕ್ರಿಮಿಯ ಮೇಲೆ ಎದ್ದ ದೇಹದ ಕಾವಲು ಶಕ್ತಿ ತನ್ನದೇ ಕವಾಟವನ್ನು ಕಡಿಯುತ್ತದೆ. ಜ್ವರ ಮರುಕಳಿಸಿದಷ್ಟೂ ಕವಾಟ ಹಾಳು. ಮೂರು ನಾಲ್ಕು ವಾರಕ್ಕೊಮ್ಮೆ, ವರ್ಷಗಟ್ಟಲೆ ಪೆನ್ಸಿಲಿನ್ ಸೂಜಿ ಹಾಕಿದರೆ ಮರುಕಳಿಕೆ ತಪ್ಪುತ್ತದೆ. ಸೂಜಿಮದ್ದು ಅಗ್ಗ. ಅದು ತಪ್ಪಿದ ಮನೆ ಮುಂದೆ ಅಂಗಡಿ ಅಡವಿಟ್ಟು ಶಸ್ತ್ರಕ್ರಿಯೆಗೆ ಓಡಬೇಕು. ಲೋಹದ ಕವಾಟ ಹಾಕಿಸಿಕೊಂಡವರು ಬದುಕಿರುವತನಕ ಮಾತ್ರೆ ನುಂಗಬೇಕು, ರಕ್ತ ಪರೀಕ್ಷೆ ಮಾಡಿಸಬೇಕು.

ದೊಡ್ಡ ಆಸ್ಪತ್ರೆಗಳು ಬೇಕು, ಬೇಡವೆಂದವರು ನಾವಲ್ಲ. ಆದರೆ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿಯೂ ಈ ಸೂಜಿಮದ್ದು ಎಂದೂ ಮುಗಿಯದಂತೆ ಇರಬೇಕು, ಸೂಜಿಗೆ ಬಾರದ ಮಗುವಿನ ಮನೆಗೆ ದಾದಿ ಹೋಗಿ ವಿಚಾರಿಸಬೇಕು. ಮಗುವನ್ನು ಕರೆತಂದ ದಿನ ತಾಯಿಯ ಅರ್ಧ ದಿನದ ಕೂಲಿ ಕಡಿಯಬಾರದೆಂದು ಗಿರಣಿ ಸಂಘಗಳು ಮಾಲೀಕರನ್ನು ಕೇಳಲಿ.