ಹಾಲಿನ ಲೆಕ್ಕದ ಹಿಂದಿನ ಪುಟ

‘ಹೆಣ್ಣುಮಕ್ಕಳಿಗೆ ಆತ್ಮವಿಶ್ವಾಸ ಕಡಿಮೆ’ ಎಂದು ಭಾಷಣ ಮಾಡುವವರನ್ನು ಕಂಡರೆ ನನಗೆ ಈಗೀಗ ಸಿಟ್ಟು ಬರುತ್ತದೆ. ಕಡಿಮೆ ಮಾಡಿದವರು ಯಾರು? ‘ನಿನಗೇನು ಗೊತ್ತಾಗುತ್ತೆ, ಅಪ್ಪನ್ನ ಕೇಳು, ಗಂಡನ್ನ ಕೇಳು’ ಎಂದು ಹುಟ್ಟಿದಾಗಿನಿಂದ ಹೇಳಿ, ಆಮೇಲೆ ಒಂದು ದಿನದ ಶಿಬಿರದಲ್ಲಿ ಚಪ್ಪಾಳೆ ತಟ್ಟಿಸಿದರೆ ಅದು ವಾಪಸ್ ಬರುತ್ತದೆಯೇ?

ಮಗಳಿಗೆ ಜ್ವರ ಏರಿದ ಸಂಜೆ ‘ಆಸ್ಪತ್ರೆಗೆ ಹೋಗೋಣ’ ಎಂದೆ. ‘ನಿನ್ನದು ಬರೀ ಗಾಬರಿ’ ಎಂದರು ಮನೆಯವರು. ಇದ್ದರೂ ಇರಬಹುದು ಎಂದುಕೊಂಡೆ. ನಡುರಾತ್ರಿ ಆಟೋ ಹುಡುಕಿಕೊಂಡು ಓಡಿದೆವು. ಮಗಳು ಉಳಿದಳು. ನನ್ನ ಕಣ್ಣು ಕಂಡದ್ದನ್ನು ನಾನೇ ಅಷ್ಟು ಸಲೀಸಾಗಿ ಬಿಟ್ಟುಕೊಟ್ಟದ್ದು ಇವತ್ತಿಗೂ ಚುಚ್ಚುತ್ತದೆ.

ಅವತ್ತಿನಿಂದ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ದಿನಾ ಎರಡು ಸಾಲು ಬರೆದೆ: ನನಗೇನು ಅನ್ನಿಸಿತು, ಕೊನೆಗೆ ಏನಾಯಿತು. ನಾನು ತಪ್ಪಿದ್ದನ್ನೂ ಬರೆದೆ. ವರ್ಷದ ಕೊನೆಗೆ ಓದಿದರೆ, ನನ್ನ ‘ಗಾಬರಿ’ಗಳಲ್ಲಿ ಹೆಚ್ಚಿನವು ತಿಳಿವಳಿಕೆಗಳೇ ಆಗಿದ್ದವು.

ಡೈರಿಯೆಂದರೆ ಗೋಳು ಎನ್ನುವ ಸಾಹಿತ್ಯಪ್ರೇಮಿಗಳಿಗೆ ಬಂಗಾಳದ ರಾಸಸುಂದರಿ ದೇವಿಯನ್ನು ನೆನಪಿಸುತ್ತೇನೆ. ಓದಿದ ಹೆಣ್ಣು ವಿಧವೆಯಾಗುತ್ತಾಳೆ ಎನ್ನುತ್ತಿದ್ದ ಕಾಲದಲ್ಲಿ ಆಕೆ ಪುಸ್ತಕದ ಹಾಳೆಯನ್ನು ಅಡುಗೆಮನೆಯಲ್ಲಿ ಬಚ್ಚಿಟ್ಟು ಅಕ್ಷರ ಕಲಿತಳು. 1876ರ ಹೊತ್ತಿಗೆ ಆಕೆಯ ‘ಅಮಾರ್ ಜೀಬನ್’ ಅಚ್ಚಾಗಿತ್ತು. ಅಡುಗೆ, ಮಕ್ಕಳು, ಭಯ, ದೇವರು: ಅದರಲ್ಲಿರುವುದೂ ದಿನನಿತ್ಯದ್ದೇ.

ಹುಡುಗಿಯರೇ, ಧೈರ್ಯದ ಭಾಷಣ ಸಾಕು, ಸಾಕ್ಷಿ ಕೂಡಿಡಿ. ನಾಳೆ ಯಾರಾದರೂ ‘ನಿನಗೇನು ಗೊತ್ತು’ ಎಂದರೆ, ತಿರುವಿ ನೋಡಲು ನಿಮ್ಮದೇ ಕೈಬರಹ ಇರಲಿ.