ಮೆಣಸಿನ ರಾಣಿಯ ಊರು



ಹೋದ ಸಂಚಿಕೆಯಲ್ಲಿ ಮೆಣಸಿನ ಸಾರು ಬರೆದಿದ್ದೆನಲ್ಲ, ಅದನ್ನು ಓದಿ ಬಯಲುಸೀಮೆಯ ಸೋದರಿಯೊಬ್ಬರು ಪತ್ರ ಹಾಕಿದ್ದಾರೆ. “ಮೆಣಸಿನ ಪುಡಿ ಎರಡು ಚಮಚ ಅಂದಿರಿ. ನಾನು ಒಣಮೆಣಸಿನಕಾಯಿ ಪುಡಿ ಎರಡು ಚಮಚ ಹಾಕಿದೆ. ನಮ್ಮನೆಯವರು ಅರ್ಧ ಊಟಕ್ಕೇ ಎದ್ದುಬಿಟ್ಟರು!” ಅಂತ. ತಪ್ಪು ನನ್ನದೇ. ನಮ್ಮ ಹೊನ್ನಾವರದ ಕಡೆ ಮೆಣಸು ಅಂದರೆ ಕಾಳುಮೆಣಸು ಅಂತಲೇ ನನಗೆ ಮೊದಲು ಹೊಳೆಯುವುದು. ಅವರ ಯಜಮಾನರಲ್ಲಿ ಈ ಮೂಲಕ ಕ್ಷಮೆ ಕೇಳುತ್ತೇನೆ.

ಆದರೆ ಯೋಚನೆ ಮಾಡಿ ನೋಡಿ. ಐನೂರು ವರ್ಷದ ಹಿಂದೆ ಈ ಗೊಂದಲವೇ ಇರಲಿಲ್ಲ. ಮೆಣಸು ಅಂದರೆ ಒಂದೇ ಮೆಣಸು. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ, ಪೋರ್ತುಗೀಸರ ಹಡಗಿನ ಜೊತೆ ನಮ್ಮ ದೇಶಕ್ಕೆ ಬಂದದ್ದು. ಬಂದ ನೆಂಟ ಮನೆಯ ಹೆಸರನ್ನೇ ತನ್ನದು ಮಾಡಿಕೊಂಡ. ಮನೆಯಲ್ಲೇ ಹುಟ್ಟಿ ಬೆಳೆದದ್ದು ಕರಿಮೆಣಸು, ಕಾಳುಮೆಣಸು ಅಂತ ಬೇರೆ ಗುರುತು ಹಚ್ಚಿಕೊಳ್ಳಬೇಕಾಯಿತು. ಅನೇಕರ ಮನೆಗಳಲ್ಲಿ ಶ್ರಾದ್ಧದ ಅಡಿಗೆಗೆ ಇವತ್ತಿಗೂ ಮೆಣಸಿನಕಾಯಿ ಬರುವ ಹಾಗಿಲ್ಲ, ಖಾರಕ್ಕೆ ಕಾಳುಮೆಣಸೇ ಆಗಬೇಕು. ಹಿರಿಯರಿಗೆ ನಾವು ಬಡಿಸುವುದು ಅವರ ಕಾಲದ ಅಡಿಗೆ!

ಈ ಮೆಣಸಿನಿಂದಲೇ ಮೆರೆದ ಊರೊಂದು ನಮ್ಮ ತಾಲೂಕಿನಲ್ಲೇ ಇದೆ. ಗೇರುಸೊಪ್ಪೆ. ಹೊನ್ನಾವರದಿಂದ ಸಾಗರದ ಬಸ್ಸು ಹತ್ತಿದರೆ ಮೂವತ್ತು ಕಿಲೋಮೀಟರಿನಷ್ಟು ದೂರ. ಶರಾವತಿ ಜೋಗದಲ್ಲಿ ಧುಮುಕಿ, ಕಣಿವೆಯೊಳಗೆ ಹರಿದು ಬಂದು, ಘಟ್ಟ ಬಿಟ್ಟು ಬಯಲಿಗೆ ಕಾಲಿಡುವುದು ಇಲ್ಲೇ. ಬ್ರಿಟಿಷರ ಕಾಲದ ಪುಸ್ತಕಗಳಲ್ಲಿ ಜೋಗಕ್ಕೆ ಗೇರುಸೊಪ್ಪೆ ಜಲಪಾತ ಅಂತಲೇ ಹೆಸರು. ಈಗ ಜೋಗ ಎಲ್ಲರಿಗೂ ಗೊತ್ತು, ಗೇರುಸೊಪ್ಪೆ ಅಂದರೆ ಘಟ್ಟ ಹತ್ತುವ ಮೊದಲು ಚಹಾ ಕುಡಿಯಲು ಬಸ್ಸು ನಿಲ್ಲುವ ಊರು, ಅಷ್ಟೆ. ಬಂಗಾರಮಕ್ಕಿಯ ಆಂಜನೇಯನಿಗೆ ನಡೆದುಕೊಳ್ಳುವವರು ಇಳಿಯುತ್ತಾರೆ. ಉಳಿದವರು ಚಹಾ ಮುಗಿಸಿ ಹತ್ತುತ್ತಾರೆ.

ಹಿಂದೆ ಹೀಗಿರಲಿಲ್ಲ. ಹೊನ್ನಾವರದ ಅಳಿವೆಯಿಂದ ದೋಣಿಗಳು ಮೇಲೆ ಬರಬಹುದಾದದ್ದು ಇಲ್ಲಿಯ ತನಕ. ಇಲ್ಲಿಂದಾಚೆ ಘಟ್ಟದ ಹಾದಿ. ಮಲೆನಾಡಿನ ಮೆಣಸು, ಅಡಿಕೆ ಎಲ್ಲ ತಲೆಹೊರೆಯಲ್ಲೋ ಎತ್ತಿನ ಬೆನ್ನಿನ ಮೇಲೋ ಇಳಿದು ಇಲ್ಲಿ ದೋಣಿ ಹತ್ತುತ್ತಿತ್ತು. ಘಟ್ಟಕ್ಕೂ ಕಡಲಿಗೂ ನಡುವಿನ ಬಾಗಿಲು ಅನ್ನಿ. ಬಾಗಿಲು ಕಾಯುವವರ ಕೈಯಲ್ಲಿ ದುಡ್ಡು ಓಡಾಡುವುದು ಸಹಜ ತಾನೇ?

ಹಳೇ ಊರು ಇದ್ದದ್ದು ಹೊಳೆಯ ಆಚೆ ದಡದಲ್ಲಿ. ನಗರಬಸ್ತಿಕೇರಿ ಅಂತ ಕರೆಯುತ್ತಾರೆ. ನಾನು ಹತ್ತು ವರ್ಷದವಳಿದ್ದಾಗ ಆಯಿಯ ಜೊತೆ ದೋಣಿಯಲ್ಲಿ ದಾಟಿ ಹೋಗಿದ್ದೆ. ಆಯಿಗೆ ಜ್ವಾಲಾಮಾಲಿನಿ ಅಮ್ಮನಿಗೆ ಹೇಳಿಕೊಂಡ ಹರಕೆ ಇತ್ತು. ನನಗೆ ದೋಣಿಯ ಆಸೆ. ಅಮ್ಮನವರ ಗುಡಿಯಿಂದ ಕಾಡಿನೊಳಗೆ ನಡೆದು ಹೋದರೆ ಚತುರ್ಮುಖ ಬಸದಿ. ಅದನ್ನು ಮೊದಲು ಕಂಡಾಗ ನನಗೆ ಹೆದರಿಕೆಯೇ ಆಯಿತು. ಮರಗಳ ನಡುವೆ ಒಮ್ಮೆಲೇ ಅಷ್ಟು ದೊಡ್ಡ ಕಲ್ಲಿನ ಕಟ್ಟಡ! ನಾಲ್ಕು ದಿಕ್ಕಿಗೂ ಬಾಗಿಲು, ಯಾವ ಬಾಗಿಲಲ್ಲಿ ಇಣುಕಿದರೂ ಒಳಗೆ ಒಬ್ಬ ತೀರ್ಥಂಕರ ನಿಮ್ಮನ್ನೇ ನೋಡುತ್ತ ಕೂತಿದ್ದಾನೆ. ಮೇಲೆ ಶಿಖರವಿಲ್ಲ. “ಕಟ್ಟುತ್ತಾ ಕಟ್ಟುತ್ತಾ ಬಿಟ್ಟು ಹೋಗಿದ್ದಾರೆ ನೋಡು” ಅಂದಳು ಆಯಿ. ಯಾರು, ಯಾಕೆ ಬಿಟ್ಟು ಹೋದರು ಅಂದರೆ ಆಯಿಗೆ ಗೊತ್ತಿಲ್ಲ. ಸುತ್ತ ಇನ್ನೂ ಬಸದಿಗಳು, ಶಾಸನದ ಕಲ್ಲುಗಳು. ಒಂದು ಕಾಲಕ್ಕೆ ಇಲ್ಲಿ ಎಂಬತ್ತನಾಲ್ಕು ಗುಡಿಗಳಿದ್ದವು, ಲಕ್ಷ ಮನೆಗಳಿದ್ದವು ಅಂತ ಹಳಬರು ಹೇಳುತ್ತಿದ್ದರಂತೆ. ಲಕ್ಷದ ಲೆಕ್ಕ ಬಿಡಿ. ಆದರೆ ಬರೀ ಕಾಡಿನಲ್ಲಿ ಅಂಥ ಬಸದಿ ಯಾರೂ ಕಟ್ಟುವುದಿಲ್ಲ.

ಈ ಊರನ್ನು ಆಳಿದವರು ಸಾಳುವ ಮನೆತನದ ಜೈನ ಅರಸರು. ಅವರಲ್ಲಿ ಹೆಣ್ಣುಮಕ್ಕಳೂ ಪಟ್ಟಕ್ಕೆ ಬರುತ್ತಿದ್ದರು. ಕೊನೆಯವಳು ಚೆನ್ನಭೈರಾದೇವಿ. 1552ರಿಂದ 1606ರ ವರೆಗೆ, ಐವತ್ನಾಲ್ಕು ವರ್ಷ! ನಮಗೆ ಒಂದು ಮನೆ ಐವತ್ನಾಲ್ಕು ವರ್ಷ ನಡೆಸುವುದರಲ್ಲಿ ಸಾಕೋ ಸಾಕಾಗುತ್ತದೆ. ಅವಳಿಗೆ ಕಡಲ ಕಡೆ ಪೋರ್ತುಗೀಸರು, ಬಡಗಲಲ್ಲಿ ಬಿಜಾಪುರದ ಸುಲ್ತಾನರು, ಘಟ್ಟದ ಮೇಲೆ ಕೆಳದಿಯ ನಾಯಕರು. ಬೆನ್ನಿಗಿದ್ದ ವಿಜಯನಗರ 1565ರಲ್ಲಿ ಬಿದ್ದೇ ಹೋಯಿತು. 1569ರಲ್ಲಿ ಪೋರ್ತುಗೀಸರು ಹೊನ್ನಾವರದ ಕೋಟೆ ಹಿಡಿದರು, ಅಂದರೆ ಅವಳ ಹೊಳೆಯ ಬಾಯಿಗೇ ಬೀಗ. ಆಮೇಲೂ ಮೂವತ್ತೇಳು ವರ್ಷ ಆಳಿದಳು. ಹೇಗೆ ಅಂದರೆ, ಮೆಣಸು ಬೇಕೆನ್ನುವವರಿಗೆ ಅವಳಿಲ್ಲದೆ ಗತಿ ಇರಲಿಲ್ಲ. ಪೋರ್ತುಗೀಸರು ಅವಳಿಗೆ ಇಟ್ಟ ಹೆಸರೇ ‘ರೈನಾ ದ ಪಿಮೆಂತಾ’, ಮೆಣಸಿನ ರಾಣಿ. ಕುಮಟೆಯ ಹತ್ತಿರದ ಮಿರ್ಜಾನ ಕೋಟೆಯನ್ನು ಕಟ್ಟಿಸಿದವಳೂ ಅವಳೇ ಎಂಬ ಮಾತಿದೆ. ಕೊನೆಗೆ 1606ರಲ್ಲಿ ಕೆಳದಿಯ ವೆಂಕಟಪ್ಪ ನಾಯಕ ಗೆದ್ದ. ಮುದುಕಿಯಾಗಿದ್ದ ರಾಣಿಯನ್ನು ಇಕ್ಕೇರಿಗೆ ಒಯ್ದ. ಅವಳು ಅಲ್ಲಿಯೇ ತೀರಿಕೊಂಡಳು.

ನಾನು ಇವತ್ತು ಹೇಳಬೇಕು ಅಂದುಕೊಂಡದ್ದು ಇದರ ಮುಂದಿನ ಮಾತು.

ರಾಣಿ ಸೋತು ಹದಿನೇಳು ವರ್ಷದ ಮೇಲೆ, 1623ರಲ್ಲಿ, ಇಟಲಿಯ ಪ್ರವಾಸಿಯೊಬ್ಬ ಈ ದಾರಿಯಲ್ಲಿ ಬಂದ. ಪಿಯೆತ್ರೊ ದೆಲ್ಲ ವಾಲೆ ಅಂತ ಅವನ ಹೆಸರು. ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದು ಘಟ್ಟ ಹತ್ತಿದ. ಅವನು ಬರೆದ ಪತ್ರಗಳು ಇಂಗ್ಲಿಷಿಗೆ ಬಂದಿವೆ. ನನ್ನ ಓದು ಹೈಸ್ಕೂಲಿಗೇ ನಿಂತದ್ದು, ಹಾಗಾಗಿ ಮಾಸ್ತರಿಕೆ ಮಾಡಿ ನಿವೃತ್ತರಾದ ನಮ್ಮ ಭಾವನವರು ಓದಿ ಅರ್ಥ ಹೇಳಿದರು. ಹೊಳೆಯ ಚೆಲುವನ್ನು ಬಾಯ್ತುಂಬ ಹೊಗಳಿದ್ದಾನೆ. ಊರು ಆಗಲೇ ಹಾಳುಬಿದ್ದು ಮರ ಬೆಳೆದಿತ್ತಂತೆ, ಇದ್ದದ್ದು ಕೆಲವು ಗುಡಿಸಲು. ಇನ್ನು ರಾಣಿಯ ಬಗ್ಗೆ? ಎಲ್ಲಿಂದಲೋ ಬಂದ ಒಬ್ಬ ಕೀಳು ಮನುಷ್ಯನನ್ನು ಮೋಹಿಸಿ, ರಾಜ್ಯವನ್ನು ಅವನ ಕೈಗೆ ಕೊಟ್ಟು, ಅವನು ತಿರುಗಿಬಿದ್ದು ಹಾಳಾದಳು ಅಂತ ಬರೆದಿದ್ದಾನೆ!

ಭಾವನವರು ಅಲ್ಲಿಗೆ ಓದು ನಿಲ್ಲಿಸಿ ಕನ್ನಡಕ ತೆಗೆದರು. ನನಗೆ ಮಾತ್ರ ತಡೆಯಲಾಗಲಿಲ್ಲ. “ಇವನಿಗೆ ಇದನ್ನು ಹೇಳಿದವರು ಯಾರು?” ಅಂತ ಕೇಳಿದೆ. ಪುಸ್ತಕದಲ್ಲೇ ಇದೆ ನೋಡಿ: ಅವನು ಹೊರಟಿದ್ದು ಪೋರ್ತುಗೀಸರ ರಾಯಭಾರಿಯ ಜೊತೆ, ಹೋಗುತ್ತಿದ್ದದ್ದು ಇಕ್ಕೇರಿಗೆ, ವೆಂಕಟಪ್ಪ ನಾಯಕನ ಆಸ್ಥಾನಕ್ಕೆ. ಒಬ್ಬರು ಅವಳ ಬಂದರು ಕಸಿದವರು, ಇನ್ನೊಬ್ಬರು ಅವಳ ರಾಜ್ಯ ಕಸಿದವರು. ಇವರಿಬ್ಬರ ಜೊತೆ ಉಂಡು ಮಲಗಿದವನಿಗೆ ಬೇರೆ ಕಥೆ ಕೇಳುವುದಾದರೂ ಹೇಗೆ?

ಅದೇ ಪ್ರವಾಸಿ ಅದೇ ವರ್ಷ ಮಂಗಳೂರಿನ ಕಡೆ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡ. ಅವಳ ಬಗೆಗೂ ಊರವರ ಗಾಳಿಮಾತನ್ನು ಬಿಟ್ಟಿಲ್ಲ, ಅದು ಬೇರೆ. ಆದರೆ ಕಂಡದ್ದನ್ನು ಹೇಗೆ ಬರೆದಿದ್ದಾನೆ ಗೊತ್ತೇ? ಬರಿಗಾಲಲ್ಲಿ, ಸಾದಾ ಹತ್ತಿ ಬಟ್ಟೆಯಲ್ಲಿ, ಕಾಲುವೆ ತೋಡಿಸುವ ಕೆಲಸ ನೋಡಲು ನಡೆದು ಬರುತ್ತಿದ್ದಳು ಅಂತ. ಕಂಡ ರಾಣಿ ಕೆಲಸ ಮಾಡಿಸುತ್ತಿದ್ದಾಳೆ. ಕಾಣದ ರಾಣಿ ಪ್ರೇಮ ಮಾಡಿ ಕೆಟ್ಟಳು. ಐವತ್ನಾಲ್ಕು ವರ್ಷದಲ್ಲಿ ಚೆನ್ನಭೈರಾದೇವಿಯೂ ಎಷ್ಟು ದೋಣಿಯ ಲೆಕ್ಕ ನೋಡಿರಬೇಕು, ಎಷ್ಟು ಜಗಳ ಬಿಡಿಸಿರಬೇಕು! ಅದನ್ನು ಅವನಿಗೆ ಹೇಳಿದವರಿಲ್ಲ.

ನಿಜವಾಗಿ ಏನು ನಡೆದಿತ್ತೋ ಅಂತ ನಾನು ಜಗಳಕ್ಕೆ ಬರುವುದಿಲ್ಲ. ನನಗೆ ನೆನಪಾದದ್ದು ನಮ್ಮ ಅತ್ತೆ. ಮಾವನವರಿಗೆ ಪಾರ್ಶ್ವವಾಯು ಆಗಿ ಮಲಗಿದ ಮೇಲೆ ಹದಿನೆಂಟು ವರ್ಷ ತೋಟ ನೋಡಿದವರು ಅವರು. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ್ದು, ಕೊಯ್ಲಿಗೆ ಆಳು ಕರೆದದ್ದು, ಅಂಗಳದಲ್ಲಿ ಒಣಗಿಸಿ ತೂಗಿದ್ದು ಎಲ್ಲಾ ಅವರೇ. ವ್ಯಾಪಾರಿ ಬಂದವನು ಮಾತ್ರ ಪ್ರತಿ ವರ್ಷವೂ ಜಗುಲಿಯಲ್ಲಿ ನಿಂತು “ಯಜಮಾನ್ರು ಇದ್ದಾರಾ?” ಅಂತಲೇ ಕೂಗುವುದು. “ಇದ್ದಾರೆ, ಮಲಗಿದ್ದಾರೆ. ದರ ನನ್ನ ಹತ್ರ ಹೇಳಿ” ಅನ್ನುತ್ತಿದ್ದರು ಅತ್ತೆ. ತೋಟದ ಕೆಲಸಕ್ಕೆ ಬರುತ್ತಿದ್ದವನೊಬ್ಬನ ಹೆಸರು ಹಿಡಿದು ಕೇರಿಯಲ್ಲಿ ಏನೇನು ಆಡಿಕೊಂಡರು ಅಂತ ನಾನು ಇಲ್ಲಿ ಬರೆಯಲಾರೆ. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಅದನ್ನು ಕೇಳಿ, ನಾಚಿಕೆಯ ಮಾತು, ಅರ್ಧ ನಂಬಿಯೂ ಇದ್ದೆ. ಅವರು ಹೋದ ಮೇಲೆ ಲೆಕ್ಕದ ಪುಸ್ತಕಗಳು ಸಿಕ್ಕವು. ರಟ್ಟಿನ ಮೇಲೆ ಮಾವನವರ ಹೆಸರು. ಒಳಗೆ ಹದಿನೆಂಟು ವರ್ಷದ್ದೂ ಅತ್ತೆಯ ಅಕ್ಷರ. ಆಳಿಗೆ ಕೊಟ್ಟ ಒಂದು ಹೊತ್ತಿನ ಅವಲಕ್ಕಿಯೂ ಅದರಲ್ಲಿ ಬರೆದಿದೆ.

ಇತ್ತೀಚೆಗೆ ಡಾ. ಗಜಾನನ ಶರ್ಮರು ಚೆನ್ನಭೈರಾದೇವಿಯ ಮೇಲೆ ದೊಡ್ಡ ಕಾದಂಬರಿ ಬರೆದ ಮೇಲೆ ನಮ್ಮ ಕಡೆಯ ಮನೆಮನೆಯಲ್ಲೂ ಅವಳ ಹೆಸರು ಕೇಳುತ್ತಿದೆ. ಸಂತೋಷ. ಲೈಬ್ರರಿಯಲ್ಲಿ ಸಿಕ್ಕರೆ ಓದಿ.

ಊರಿನ ಈಗಿನ ಸುದ್ದಿಯನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಮೆಣಸಿನ ದೋಣಿಗಳು ಹೋದವು, ಹೊಳೆಗೆ ಕರೆಂಟಿನ ಕೆಲಸ ಬಂತು. 1964ರಲ್ಲಿ ಮೇಲೆ ಲಿಂಗನಮಕ್ಕಿ ಅಣೆಕಟ್ಟು. ಈ ಶತಮಾನದ ಆರಂಭಕ್ಕೆ ಗೇರುಸೊಪ್ಪೆಯಲ್ಲೂ ಒಂದು ಅಣೆಕಟ್ಟು, 240 ಮೆಗಾವಾಟಿನ ವಿದ್ಯುದಾಗಾರ. ಬೇಸಿಗೆಯಲ್ಲೂ ಸಿಹಿನೀರು ಬಿಡುವುದರಿಂದ ಕೆಳಗೆ ಅಳಿವೆಯಲ್ಲಿ ಉಪ್ಪು ಕಡಿಮೆಯಾಗಿ, ಪಕ್ಕದ ಅಘನಾಶಿನಿಯಲ್ಲಿ ಸಿಗುವಷ್ಟು ಮೀನು, ಬಳಚು ಇಲ್ಲಿಲ್ಲ. ಇದರ ಮೇಲೆ ಎರಡು ಸಾವಿರ ಮೆಗಾವಾಟಿನ ಇನ್ನೊಂದು ಯೋಜನೆಯ ಪ್ರಸ್ತಾಪ ಬಂದಾಗ ಊರವರು ಎದ್ದು ನಿಂತರು. ರಾತ್ರಿ ಕರೆಂಟು ಕಡಿಮೆ ಬೇಕಾದಾಗ ಗೇರುಸೊಪ್ಪೆಯ ನೀರನ್ನು ಮೇಲಿನ ತಲಕಳಲೆಗೆ ಎತ್ತುವುದು, ಬೇಕಾದಾಗ ಕೆಳಗೆ ಬಿಟ್ಟು ಕರೆಂಟು ಮಾಡುವುದು. ಅದಕ್ಕೆ ಸಿಂಗಳೀಕಗಳ ಕಾಡಿನ ಅಡಿ ಸುರಂಗ. ಕುಡಿಯುವ ನೀರಿಗೆ ಈ ಹೊಳೆಯನ್ನೇ ನಂಬಿದವರಿಗೆ ಭಯ ಆಗದಿರುತ್ತದೆಯೇ? ನಮ್ಮನೆ ಮಿಕ್ಸಿಯೂ ಕರೆಂಟಿನದೇ, ಒಪ್ಪುತ್ತೇನೆ. ಆದರೂ ಒಂದು ಹೊಳೆಯಿಂದ ಎಷ್ಟು ಸಲ ಹಾಲು ಕರೆಯುವುದು?

ಹೋಗುವುದಾದರೆ ಡಿಸೆಂಬರ್-ಜನವರಿಯಲ್ಲಿ ಹೋಗಿ. ಮಳೆಗಾಲದಲ್ಲಿ ಬಸದಿಯ ದಾರಿಯಲ್ಲಿ ಉಂಬಳದ ಕಾಟ, ಕಲ್ಲೆಲ್ಲ ಜಾರುತ್ತದೆ. ಕುಡಿಯುವ ನೀರು, ತಿಂಡಿ ಕಟ್ಟಿಕೊಳ್ಳಿ. ಒಳಗೆ ಬಾವಲಿ ಇರುತ್ತವೆ, ಮಕ್ಕಳಿಗೆ ಮೊದಲೇ ಹೇಳಿಡಿ. ಆ ತಿಂಗಳುಗಳಲ್ಲಿ ದಾರಿಯ ಅಂಗಳಗಳಲ್ಲಿ ಮೆಣಸು ಒಣಗುತ್ತಿರುತ್ತದೆ. ಒಂದು ಅರ್ಧ ಕಿಲೋ ತನ್ನಿ.

ತಂದ ಮೇಲೆ ಈ ತಂಬುಳಿ ಮಾಡಿ ನೋಡಿ. ಹತ್ತು ಹನ್ನೆರಡು ಕಾಳುಮೆಣಸು (ಕಾಳುಮೆಣಸು!), ಒಂದು ಚಮಚ ಜೀರಿಗೆ, ತುಪ್ಪದಲ್ಲಿ ಘಮ್ಮೆನ್ನುವ ತನಕ ಹುರಿಯಿರಿ. ಅರ್ಧ ಬಟ್ಟಲು ಕಾಯಿತುರಿಯ ಜೊತೆ ನುಣ್ಣಗೆ ರುಬ್ಬಿ, ಎರಡು ಲೋಟ ಹುಳಿಯಿಲ್ಲದ ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕಿ. ಕುದಿಸಬೇಡಿ. ಮೇಲಿಂದ ತುಪ್ಪದ ಸಾಸಿವೆ ಒಗ್ಗರಣೆ. ಪತ್ರ ಬರೆದ ಸೋದರಿ ಇದನ್ನು ಮಾಡಿ ಬಡಿಸಿ, ಅವರ ಯಜಮಾನರು ಊಟ ಮುಗಿಸಿ ಎದ್ದರೋ ಇಲ್ಲವೋ ಅಂತ ಮತ್ತೆ ಬರೆಯಲಿ.