ಐದು ಗುಂಟೆ ಕಾಯಿಪಲ್ಯೆ ಸಾಲದು ಎನ್ನುವವರಿಗೆ

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕಿನಲ್ಲಿ ಗಂಡನಿಲ್ಲದೆ ಮನೆ ನಡೆಸುವ ಹೆಣ್ಣುಮಕ್ಕಳಿಗೆ ಐದು ಗುಂಟೆ ಕಾಯಿಪಲ್ಯೆ ತೋಟ ಮಾಡಿಕೊಡಬೇಕು, ಬೀಜ ಮತ್ತು ಹನಿ ನೀರಾವರಿಯ ಪೈಪಿಗೆ ನೆರವಾಗಬೇಕು ಎಂದಾಗಲೆಲ್ಲ ಅವೇ ನಾಲ್ಕೈದು ಮಾತು ಎದುರಾಗುತ್ತವೆ. ಹಾಗೆ ಹೇಳುವವರಲ್ಲಿ ಬಹಳಷ್ಟು ಮಂದಿ ಒಕ್ಕಲುತನ ಮಾಡಿ ಕೈ ಸುಟ್ಟುಕೊಂಡವರು. ಅವರಿಗೆ ಲೆಕ್ಕ ಹಿಡಿದೇ ಉತ್ತರ ಕೊಡಬೇಕು.

ಮೊದಲು ನೀರು. ‘ಸೊಲ್ಲಾಪುರ ಜಿಲ್ಲೆಗೆ ವರ್ಷಕ್ಕ ಬೀಳೋದ 550 ಮಿ.ಮೀ. ಆಸುಪಾಸು ಮಳಿ. ಕುಡಿಯಾಕ ಟ್ಯಾಂಕರ್ ಬರೋ ಊರಾಗ ಪಲ್ಯೆ ಹ್ಯಾಂಗ ಬೆಳೀತಾರ?’ ಒಂದು ಗುಂಟೆ ಎಂದರೆ 1,089 ಚದರ ಅಡಿ, ಸುಮಾರು 101 ಚದರ ಮೀಟರ್. ದಿನಕ್ಕೆ 5 ಮಿ.ಮೀ. ನೀರು ಬೇಕೆಂದು ಹಿಡಿದರೂ ಗುಂಟೆಗೆ 500 ಲೀಟರ್, ಐದು ಗುಂಟೆಗೆ 2,500. ನೂರು ದಿನಕ್ಕೆ ಎರಡೂವರೆ ಲಕ್ಷ ಲೀಟರ್. ಇದೇ ಜಿಲ್ಲೆ ಸಕ್ಕರೆ ಕಾರ್ಖಾನೆಗಳಿಗೆ ಹೆಸರಾದದ್ದು. ಕಬ್ಬಿಗೆ ಒಂದು ಬೆಳೆಗೆ 1,500ರಿಂದ 2,500 ಮಿ.ಮೀ. ನೀರು ಬೇಕು. ಕಡಿಮೆ ಅಂಕಿಯನ್ನೇ ಹಿಡಿಯೋಣ, ಬಿದ್ದ ಮಳೆಯನ್ನೆಲ್ಲ ಕಬ್ಬೇ ಕುಡಿಯಿತೆಂದೂ ಒಪ್ಪೋಣ. ಆದರೂ ಎಕರೆಗೆ 38 ಲಕ್ಷ ಲೀಟರ್ ಮೇಲಿಂದ ಹಾಯಿಸಬೇಕು. ಅಷ್ಟು ನೀರಿನಲ್ಲಿ ಇಂಥ ಹದಿನೈದು ತೋಟಗಳು ನೂರು ದಿನ ಬದುಕುತ್ತವೆ. ಏಪ್ರಿಲ್‌-ಮೇ ತಿಂಗಳಲ್ಲಿ ಮಡಿ ಖಾಲಿ ಬಿಡಬೇಕು ಎಂಬುದನ್ನು ಒಪ್ಪುತ್ತೇನೆ. ಆದರೆ ಬೋರಿ ನದಿಯ ದಂಡೆಯಲ್ಲಿ ಕಬ್ಬು ಹಚ್ಚುವಾಗ ಯಾರೂ ಕೇಳದ ನೀರಿನ ಪ್ರಶ್ನೆಯನ್ನು ವಿಧವೆಯ ಮೆಂತೆ ಮಡಿಗೆ ಮಾತ್ರ ಕೇಳುವುದು ನ್ಯಾಯವಲ್ಲ.

ಎರಡನೆಯದು ದರ. 2023ರ ಫೆಬ್ರವರಿಯ ಘಟನೆಯನ್ನು ಎಲ್ಲರೂ ನೆನಪಿಸುತ್ತಾರೆ. ಬಾರ್ಶಿ ತಾಲೂಕಿನ ರೈತರೊಬ್ಬರು ಸೊಲ್ಲಾಪುರ ಮಾರುಕಟ್ಟೆಗೆ 512 ಕಿಲೋ ಉಳ್ಳಾಗಡ್ಡಿ ತಂದು, ಕಿಲೋಗೆ ಒಂದು ರೂಪಾಯಿಯಂತೆ ಮಾರಿದರು. ಸಾಗಣೆ, ಹಮಾಲಿ, ತೂಕದ ಖರ್ಚು ಕಳೆದು ಅವರ ಕೈಗೆ ಬಂದದ್ದು 2 ರೂಪಾಯಿಯ ಚೆಕ್. ಆ ಸಂಕಟ ನಿಜ. ಆದರೆ ಅದು ಒಂದೇ ಬೆಳೆಯನ್ನು ಒಂದೇ ದಿನ ದೂರದ ಅಡತಿ ಅಂಗಡಿಗೆ ಸುರಿಯುವ ಒಕ್ಕಲುತನದ ಸಂಕಟ. ಐದು ಗುಂಟೆಯಲ್ಲಿ ಬೆಳೆಯುವ ಮಾಲೇ ಬೇರೆ, ಮಾರುವ ಬಗೆಯೇ ಬೇರೆ. ಒಂದು ಮಡಿ ಮೆಂತೆ, ಒಂದು ರಾಜಗಿರಿ, ಒಂದು ಸಬ್ಬಸಗಿ, ಪುಂಡಿಪಲ್ಯೆ, ನಾಲ್ಕು ಸಾಲು ಬದನೆ, ಎರಡು ಸಾಲು ಚವಳಿ, ಬೇಲಿಗೆ ಹಬ್ಬಿಸಿದ ಹೀರೆ. ನಸುಕಿನಲ್ಲಿ ಮೆಂತೆಯನ್ನು ಬೇರುಸಹಿತ ಕಿತ್ತು, ಮಣ್ಣು ಝಾಡಿಸಿ, ಸೂಡು ಕಟ್ಟಿ, ಒದ್ದೆ ಗೋಣಿಯಲ್ಲಿ ಸುತ್ತಿ ಬುಟ್ಟಿಗಿಟ್ಟರೆ ಒಲೆಗೆ ರೊಟ್ಟಿ ಬೀಳುವ ಹೊತ್ತಿಗೆ ಓಣಿಯಲ್ಲೇ ಮಾರಿ ಮುಗಿಯುತ್ತದೆ. ಉಳಿದದ್ದು ವಾರದ ಸಂತೆಗೆ. ಇದರಲ್ಲಿ ಹಮಾಲಿಯಿಲ್ಲ, ಅಡತಿಯಿಲ್ಲ. ಇನ್ನು ಅಕ್ಕಲಕೋಟದಲ್ಲಂತೂ ಸ್ವಾಮಿ ಸಮರ್ಥರ ಭಕ್ತರಿಗೆ ದಿನಾಲೂ ಅನ್ನಛತ್ರದಲ್ಲಿ ಪಂಕ್ತಿ ಬೀಳುತ್ತದೆ. ಸುತ್ತಲ ಖಾನಾವಳಿಗಳೂ ಬಿಡುವಿಲ್ಲದೆ ನಡೆಯುತ್ತವೆ. ಅವರೆಲ್ಲ ಸುತ್ತಲ ಹಳ್ಳಿಯ ಹೆಣ್ಣುಮಕ್ಕಳ ಉಳಿತಾಯ ಗುಂಪುಗಳಾದ ಬಚತ್ ಗಟ್‌ಗಳಿಂದ ಪಲ್ಯೆ ಕೊಳ್ಳುವಂತಾಗಬೇಕು ಎಂಬುದು ನನ್ನ ಬೇಡಿಕೆಗಳಲ್ಲೊಂದು.

‘ಐದು ಗುಂಟೆಯಿಂದ ಬಡತನ ಹೋಗ್ತದೇನು? ಸರ್ಕಾರ ಲಾಡ್ಕಿ ಬಹೀಣ್ ಅಂತ ತಿಂಗಳಿಗೆ 1,500 ಕೊಡ್ತದಲ್ಲ’ ಎನ್ನುವ ಮಾತು ಕೇಳಿಬಂದದ್ದು 2024ರ ನಂತರ. ಆ ಹಣ ಬರಲಿ, ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಈ ಮಾತಾಡುವವರು ಬಡತನದ ನಡೆಯನ್ನು ಗಮನಿಸಿಲ್ಲ. ಮಾಲದಂಡಿ ಜೋಳ ಬಿತ್ತುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ರಾಶಿ ಫೆಬ್ರವರಿ-ಮಾರ್ಚಿನಲ್ಲಿ. ವರ್ಷಕ್ಕೊಮ್ಮೆ ಆದಾಯ. ಆದರೆ ಫೈನಾನ್ಸ್‌ನವರ ಕಂತು ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ. ಮಗನ ಜ್ವರಕ್ಕೆ, ಮಗಳ ಶಾಲೆಗೆ ಮಾರ್ಚ್ ತನಕ ಕಾಯುವ ಪುರುಸೊತ್ತಿಲ್ಲ. ಆದಾಯ, ಖರ್ಚು ಹೊಂದದ ಈ ತಿಂಗಳುಗಳಲ್ಲೇ ಸಾಲದ ಮೇಲೆ ಸಾಲ ಏರುವುದು, ಕಿವಿಯ ಬೆಂಡೋಲೆ ಗಿರವಿಗೆ ಹೋಗುವುದು. ಮೆಂತೆ, ರಾಜಗಿರಿ ಬಿತ್ತಿದ ತಿಂಗಳೊಳಗೆ ಕೈಗೆ ಬರುತ್ತವೆ. ಬದನೆ ಸಸಿ ನೆಟ್ಟ ಎರಡು ತಿಂಗಳಿಗೆ ಶುರುವಾದರೆ ಮತ್ತೆ ಎರಡು-ಮೂರು ತಿಂಗಳು ಬಿಡುತ್ತದೆ. ಮಡಿಗಳನ್ನು ವಾರಕ್ಕೊಂದರಂತೆ ಬಿತ್ತಿದರೆ ದುಡ್ಡೂ ವಾರವಾರ ಬರುತ್ತದೆ, ಅದೂ ಅವಳ ಕೈಗೇ. ಮಾರಿ ಉಳಿದದ್ದು ಮನೆಯ ಗಂಗಾಳಕ್ಕೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 54 ಮಂದಿಗೆ ರಕ್ತಹೀನತೆಯಿದೆ. ಬರೀ ರೊಟ್ಟಿ-ಹಿಂಡಿಯಲ್ಲಿ ದಿನ ದೂಡುವ ಮನೆಯಲ್ಲಿ ಒಂದು ಸೂಡು ರಾಜಗಿರಿ ಸಣ್ಣ ಮಾತಲ್ಲ.

ಹೆಂಗಸರಿಗೆ ಹೊಲ ನಡೆಸಲು ಬರುವುದಿಲ್ಲ ಎಂಬ ಆಕ್ಷೇಪಕ್ಕೆ ಹೆಚ್ಚು ಹೊತ್ತು ಬೇಡ. ಕೂರಿಗೆಯ ಹಿಂದೆ ಕಾಳು ಬಿಟ್ಟವರು, ಕಳೆ ತೆಗೆದವರು, ಬೀಜ ಬೂದಿಯಲ್ಲಿ ಕಲಸಿ ಕಾಪಾಡಿದವರು ಅವರೇ. ನೆರೆಯ ಧಾರಾಶಿವ (ಹಿಂದಿನ ಉಸ್ಮಾನಾಬಾದ್), ಅದರಾಚೆಯ ಲಾತೂರ್ ಜಿಲ್ಲೆಗಳಲ್ಲಿ ಸ್ವಯಂ ಶಿಕ್ಷಣ ಪ್ರಯೋಗ ಸಂಸ್ಥೆಯ ಜೊತೆಗೂಡಿ ಹೆಣ್ಣುಮಕ್ಕಳು ಮನೆಯವರಿಂದ ಒಂದೊಂದು ಎಕರೆ ಕೇಳಿ ಪಡೆದು ಕಾಳುಕಡಿ, ಕಾಯಿಪಲ್ಯೆ ಬೆಳೆದರು. ಆ ಸಂಸ್ಥೆಗೆ 2016ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು.

ಕೊನೆಯ ಆಕ್ಷೇಪ ಗಟ್ಟಿಯಾದದ್ದು: ಹೊಲವೇ ಅವರ ಹೆಸರಿನಲ್ಲಿಲ್ಲ, ನಾಳೆ ಮೈದುನ ಬಿಡಿಸಿಕೊಂಡರೆ? ನಿಜ. ಮಹಿಳಾ ಕಿಸಾನ್ ಅಧಿಕಾರ ಮಂಚ್ 2018ರಲ್ಲಿ ಮರಾಠವಾಡ, ವಿದರ್ಭದಲ್ಲಿ ರೈತ ಆತ್ಮಹತ್ಯೆಯಾದ ಮನೆಗಳ 505 ಹೆಂಗಸರನ್ನು ಮಾತಾಡಿಸಿತು. ತಾವು ಉಳುವ ಹೊಲದ ಹಕ್ಕು ಶೇಕಡಾ 40 ಜನರಿಗೆ ಇನ್ನೂ ಸಿಕ್ಕಿರಲಿಲ್ಲ. ಸಾತ್‌ಬಾರಾ ಉತಾರದಲ್ಲಿ (ಹೊಲದ ದಾಖಲೆಯಲ್ಲಿ) ಹೆಸರಿಲ್ಲದಿದ್ದರೆ ಪಿಎಂ ಕಿಸಾನ್‌ನ 6,000 ಇಲ್ಲ, ಪೀಕಸಾಲವೂ ಇಲ್ಲ. ಹಾಗೆಂದು ತೋಟವನ್ನೇ ಕೈಬಿಡಬೇಕೆಂಬ ತೀರ್ಮಾನ ನನಗೆ ಒಪ್ಪಿಗೆಯಿಲ್ಲ. ಉತಾರದಲ್ಲಿ ಹೆಂಡತಿಯ ಹೆಸರು ಸೇರಿಸಬೇಕೆಂದು ಶರದ್ ಜೋಶಿಯವರ ಶೇತಕರಿ ಸಂಘಟನೆ ಲಕ್ಷ್ಮೀಮುಕ್ತಿ ಚಳವಳಿ ನಡೆಸಿತು. 1992ರಲ್ಲಿ ಸರ್ಕಾರವೇ ಅದಕ್ಕೆ ಸುತ್ತೋಲೆ ಹೊರಡಿಸಿತು. 1956ರ ಹಿಂದೂ ವಾರಸಾ ಕಾಯ್ದೆಯಲ್ಲಿ ವಿಧವೆಗೆ ಮಕ್ಕಳಷ್ಟೇ ಪಾಲಿದೆ. ಕಾನೂನು ಇದೆ, ಅದು ನಡೆಯದಿರುವುದಕ್ಕೆ ಇಲ್ಲಿ ಇನ್ನೊಂದು ಕಾರಣವೂ ಉಂಟು: ತಲಾಠಿ ಕಚೇರಿಯ ಕಾಗದವೆಲ್ಲ ಮರಾಠಿಯಲ್ಲಿ, ಕನ್ನಡ ಶಾಲೆಯಲ್ಲಿ ನಾಲ್ಕನೆಯ ತನಕ ಓದಿದ ಹೆಣ್ಣುಮಗಳು ಅದನ್ನು ಓದಿಸಿಕೊಳ್ಳಲು ಮತ್ತೆ ಆ ಮೈದುನನ ಬಳಿಯೇ ಹೋಗಬೇಕು. ಗ್ರಾಮಸೇವಕರು ಗಂಡನ ಮರಣದ ದಾಖಲೆ ಕೊಡುವ ದಿನವೇ ವಾರಸಾ ನೋಂದಣಿಯ ಅರ್ಜಿಯನ್ನೂ ಕನ್ನಡದಲ್ಲಿ ವಿವರಿಸಿ ಬರೆಸಿಕೊಳ್ಳಲಿ. ತೋಟ ಬೇಡವೆಂದು ಆಕ್ಷೇಪಿಸಿದವರಲ್ಲಿ ಪಂಚಾಯಿತಿ ಸದಸ್ಯರೂ ಇದ್ದಾರೆ. ಮುಂದಿನ ಗ್ರಾಮಸಭೆಯಲ್ಲಿ ಇದನ್ನೇ ಠರಾವಾಗಿ ಮಂಡಿಸುವುದು ಅವರ ಕೈಯಲ್ಲೇ ಇದೆ.